ಪೀಪಾಯಿಯ ಮರ

ಬಟ್ಟಿಯಿಂದ ಆಗತಾನೆ ಇಳಿದ ಮದ್ಯವು, ದ್ರಾಕ್ಷಿಯಿಂದ ಬಂದುದಾಗಲಿ ಬಾರ್ಲಿಯಿಂದ ಬಂದುದಾಗಲಿ, ವರ್ಣರಹಿತವೂ ತೀಕ್ಷ್ಣವೂ ಆಗಿದ್ದು ಘಾಟನ್ನಲ್ಲದೆ ಬೇರೆ ಹೆಚ್ಚಿನದೇನನ್ನೂ ನಾಲಗೆಗೆ ತಿಳಿಸದು. ವಿಸ್ಕಿಯ ಹೊಂಬಣ್ಣವೂ ಕೊನ್ಯಾಕಿನ ಮೃದುವಾದ ಪರಿಮಳವೂ ಅದಕ್ಕೆ ಬಹುಮಟ್ಟಿಗೆ ಓಕ್ ಮರದಿಂದ ಒದಗಿದ ಸಂಪತ್ತು. ಆ ಮರವನ್ನು ಸಂಪಾದಿಸಬಯಸುವವನು ಮರದ ಹೆಸರಿಗಿಂತ ಅದರ ಪೂರ್ವಚರಿತ್ರೆಯನ್ನು ಹೆಚ್ಚಾಗಿ ವಿಚಾರಿಸತಕ್ಕದ್ದು. ಅದು ಎಷ್ಟು ನಿಧಾನವಾಗಿ ಬೆಳೆಯಿತು, ಅದನ್ನು ಹೇಗೆ ಸೀಳಿದರು, ಎಷ್ಟು ಮಳೆಗಾಲಗಳನ್ನು ಅದು ಬಯಲಿನಲ್ಲಿ ಕಳೆಯಿತು, ಬೆಂಕಿಯ ಶಾಖ ಅದಕ್ಕೆ ಎಷ್ಟು ತಗುಲಿತು ಎಂಬುದನ್ನು ತಿಳಿಯದೆ ಕೊಂಡ ಓಕ್ ಹಲಗೆಗೂ ಒಲೆಯ ಸೌದೆಗೂ ಹೆಚ್ಚಿನ ಅಂತರವಿಲ್ಲ.

ಓಕ್ ಕುಲದಲ್ಲಿ 400ಕ್ಕೂ ಮಿಕ್ಕ ಜಾತಿಗಳಿದ್ದರೂ ಪೀಪಾಯಿಗೆ ಸಲ್ಲುವವು ಬೆರಳೆಣಿಕೆಯಷ್ಟು. ಉತ್ತರ ಅಮೆರಿಕದ ಕೆಂಪು ಓಕಿನ ಒಂದು ಗೇಣುದ್ದದ ಕಡ್ಡಿಯನ್ನು ಎಳೆಯ ಉದ್ದಕ್ಕೆ ಸೀಳಿಕೊಂಡು, ಅದರ ಒಂದು ತುದಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಇನ್ನೊಂದು ತುದಿಯಿಂದ ಬಲವಾಗಿ ಊದಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತವೆ. ಮರದೊಳಗಿನ ನೀರ್ನಾಳಗಳು ತುದಿಯಿಂದ ತುದಿಯವರೆಗೆ ತೆರೆದಿರುವುದೇ ಇದಕ್ಕೆ ಕಾರಣ. ಅದೇ ನಾಡಿನ ಬಿಳಿ ಓಕಿನ ಚೇಗಿನಲ್ಲಿ ಆ ನಾಳಗಳನ್ನು ಟೈಲೋಸ್ ಎಂಬ ಪೊರೆಯಂಥ ಬೆಳವಣಿಗೆಗಳು ತುಂಬಿಬಿಟ್ಟಿರುವುದರಿಂದ, ಎಷ್ಟು ಊದಿದರೂ ಉಸಿರು ಆಚೆಗೆ ಹಾಯಲಾರದು. ವರ್ಷಗಟ್ಟಲೆ ದ್ರವವನ್ನು ಸೋರದೆ ಹಿಡಿದಿಡುವ ಶಕ್ತಿ ಬಿಳಿ ಓಕಿಗೆ ಬಂದುದು ಹೀಗೆ.

ಐರೋಪ್ಯ ಓಕಿನ ವೃತ್ತಾಂತ ಇನ್ನೂ ದೀರ್ಘವಾದುದು. ಮಧ್ಯ ಫ್ರಾನ್ಸಿನ ತ್ರೋನ್ಸೆ ಅರಣ್ಯವು ಹದಿನಾಲ್ಕನೆಯ ಲೂಯಿಯ ಮಂತ್ರಿಯಾದ ಕೋಲ್ಬೇರನ ಕಾಲದಲ್ಲಿ, 1669ರ ಅರಣ್ಯಶಾಸನದ ತರುವಾಯ, ನೌಕಾಸೈನ್ಯಕ್ಕೆ ಮುಂದೊಂದು ದಿನ ಮರ ಬೇಕಾದೀತೆಂಬ ದೂರದೃಷ್ಟಿಯಿಂದ ಪುನರುಜ್ಜೀವನಗೊಂಡಿತು. ಹಡಗುಗಳು ಕಬ್ಬಿಣದವಾದುವು, ಓಕುಗಳು ಮಾತ್ರ ಬೆಳೆಯುತ್ತಲೇ ಇದ್ದುವು. ಅಲ್ಲಿ ಗಿಡಗಳನ್ನು ಒತ್ತೊತ್ತಾಗಿ ಬೆಳೆಸುವುದರಿಂದ ಪ್ರತಿಯೊಂದೂ ಬೆಳಕಿಗಾಗಿ ನೆಟ್ಟಗೆ ಮೇಲೇರುತ್ತ, ವರ್ಷಕ್ಕೊಂದು ತೆಳುವಾದ ಬಳೆಯನ್ನಷ್ಟೆ ಕಾಂಡಕ್ಕೆ ಸೇರಿಸಿಕೊಳ್ಳುತ್ತದೆ. ಹೀಗೆ ಎರಡು ಶತಮಾನಗಳ ಆಸುಪಾಸು ಬೆಳೆದ ಮರವನ್ನು ಪೀಪಾಯಿಗೆ ಕಡಿಯುತ್ತಾರೆ. ಇದರ ಎಳೆ ನವುರು, ಸುಗಂಧ ಹೆಚ್ಚು, ಒಗರು ಕಡಮೆ. ನೈಋತ್ಯದ ಲಿಮೂಸಿನ್ ಸೀಮೆಯಲ್ಲಾದರೋ ಬಿಡಿಬಿಡಿಯಾಗಿ ಬೆಳೆದ ಓಕಿನ ಬಳೆಗಳು ಅಗಲ, ಒಗರು ಅಧಿಕ. ಕೊನ್ಯಾಕ್ ತಯಾರಕರು ಬಹುಕಾಲದಿಂದ ನೆಚ್ಚಿಕೊಂಡಿರುವುದು ಈ ಎರಡು ಕಾಡುಗಳನ್ನೇ. ತಾನು ನೆಟ್ಟ ಮರ ಕಡಿಯುವ ಹದಕ್ಕೆ ಬರುವುದನ್ನು ಯಾವ ವನಪಾಲಕನೂ ಕಾಣಲಾರನೆಂಬುದನ್ನು ನೆನೆದಾಗ, ಆ ವೃತ್ತಿಯ ಜನರ ವಿಷಯದಲ್ಲಿ ನಮಗೆ ಗೌರವ ಮೂಡದೆ ಇರದು.

ಕಡಿದ ಮರವನ್ನು ಹಲಗೆಮಾಡುವ ಕ್ರಮದಲ್ಲಿಯೂ ಭೇದವಿದೆ. ಬಿಳಿ ಅಮೆರಿಕನ್ ಓಕನ್ನು ಗರಗಸದಿಂದ ಕೊಯ್ಯಬಹುದು. ಟೈಲೋಸ್ ಅಷ್ಟು ದಟ್ಟವಾಗಿಲ್ಲದ ಐರೋಪ್ಯ ಓಕನ್ನು ಹಾಗೆ ಕೊಯ್ದರೆ ಎಳೆ ತುಂಡಾಗಿ ಸೋರಿಕೆಗೆ ದಾರಿಯಾಗುವುದರಿಂದ, ಬಿದಿರನ್ನು ಸೀಳುವಂತೆ ಎಳೆಯ ಜಾಡನ್ನೇ ಹಿಡಿದು ಸೀಳಬೇಕು. ದಿಮ್ಮಿಯ ನಾಲ್ಕೈದು ಪಾಲಿನಲ್ಲಿ ಒಂದು ಪಾಲು ಮಾತ್ರ ಹಲಗೆಯಾಗಿ ಉಳಿಯುವುದರಿಂದ ಫ್ರೆಂಚ್ ಪೀಪಾಯಿ ಅಷ್ಟೊಂದು ದುಬಾರಿ. ಬಳಿಕ ಹಲಗೆಗಳನ್ನು ಗಾಳಿಯಾಡುವಂತೆ ಅಡ್ಡಡ್ಡಲಾಗಿ ಪೇರಿಸಿ, ಬಿಸಿಲಿಗೂ ಮಳೆಗೂ ಒಡ್ಡಿ, ಎರಡು ಮೂರು ವರ್ಷ ಬಯಲಿನಲ್ಲಿ ಬಿಡುತ್ತಾರೆ. ಮಳೆಯ ನೀರು ಕಟುವಾದ ಒಗರನ್ನು ತೊಳೆದುಕೊಂಡು ಇಳಿಯುತ್ತದೆ. ಮೇಲ್ಮೈಯಲ್ಲಿ ಹಬ್ಬಿದ ಸೂಕ್ಷ್ಮ ಬೂಷ್ಟುಗಳು ಮರದ ಕಹಿಯನ್ನು ಮುರಿಯುತ್ತವೆ. ಹೊಂಬಣ್ಣದ ಹಲಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಗೂಡಿನಲ್ಲಿಟ್ಟು ಶಾಖದಿಂದ ಕೆಲವೇ ವಾರಗಳಲ್ಲಿ ಒಣಗಿಸಿದ ಮರದಲ್ಲಿ ತೇವವೇನೋ ಹೋಗಿರುತ್ತದೆ, ಒಗರು ಹೋಗಿರುವುದಿಲ್ಲ. ಪೀಠೋಪಕರಣದ ಅಂಗಡಿಯಲ್ಲಿ ದೊರೆಯುವ ಓಕ್ ಸಾಮಾನ್ಯವಾಗಿ ಈ ಎರಡನೆಯ ಬಗೆಯದಾದುದರಿಂದ ಅದು ಮದ್ಯಕ್ಕೆ ತಕ್ಕುದಲ್ಲ.

ಅನಂತರದ ಸಂಸ್ಕಾರ ಅಗ್ನಿಯದು. ಶಾಖಕ್ಕೆ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ; ಹೆಮಿಸೆಲ್ಯುಲೋಸ್ ಒಡೆದು ಸುಟ್ಟ ಸಕ್ಕರೆಯ ಪರಿಮಳ ಬರುತ್ತದೆ; ಮರದಲ್ಲಿ ಮೊದಲೇ ಇದ್ದ ಲ್ಯಾಕ್ಟೋನ್ ಕೊಬ್ಬರಿಯ ಕಂಪನ್ನೂ, ನಮ್ಮ ಲವಂಗದಲ್ಲಿರುವ ಯೂಜಿನಾಲ್ ಎಂಬ ವಸ್ತುವೇ ಲವಂಗದ ಛಾಯೆಯನ್ನೂ ನೀಡುತ್ತದೆ. ಅಮೆರಿಕದ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟು ಇದ್ದಿಲಾಗಿಸಿದ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕೆಂದು ಅಲ್ಲಿನ ಕಾನೂನು ವಿಧಿಸುವುದರಿಂದ, ಒಮ್ಮೆ ಬಳಸಿದ ಸುಮಾರು 200 ಲೀಟರಿನ ಆ ಪೀಪಾಯಿಗಳು ಹೇರಳವಾಗಿ ಸ್ಕಾಟ್ಲೆಂಡಿಗೂ ಇತರ ದೇಶಗಳಿಗೂ ಸಾಗುತ್ತವೆ.

ಮನೆಯಲ್ಲಿ ಸ್ವಂತ ಉಪಯೋಗಕ್ಕೆ ಮದ್ಯವನ್ನು ಬಟ್ಟಿಯಿಳಿಸಲು ಅನುಮತಿಯಿರುವ ದೇಶಗಳು ವಿರಳ. 1996ರಲ್ಲಿ ಅದಕ್ಕೆ ಅವಕಾಶವಿತ್ತ ನ್ಯೂಜಿಲೆಂಡ್ ಅವುಗಳಲ್ಲೊಂದು. ಅಲ್ಲಿನ ದ್ರಾಕ್ಷಾರಸದ ಕಾರ್ಖಾನೆಗಳು ಬಳಸಿಬಿಟ್ಟ ಪೀಪಾಯಿಗಳ ಹಲಗೆಗಳು ಮನೆಯ ತಯಾರಕನಿಗೆ ಅತ್ಯುತ್ತಮ ಮೂಲ. ವರ್ಷಗಟ್ಟಲೆ ಬಯಲಿನಲ್ಲಿ ಪಕ್ವವಾದ ಮರ ಅವನಿಗೆ ಅಲ್ಪಬೆಲೆಗೆ ದೊರೆತಂತಾಯಿತು. ಒಳಮೈಯಲ್ಲಿ ದ್ರಾಕ್ಷಾರಸ ಹೀರಿದ ಕೆಲವು ಮಿಲಿಮೀಟರನ್ನು ಕೀಸುಳಿಯಿಂದ ಹೆರೆದು, ಹೊಸ ಮರ ಕಂಡಮೇಲೆ ಬೆರಳುದಪ್ಪದ ಕಡ್ಡಿಗಳಾಗಿ ಸೀಳಿ, ಸುಮಾರು 200 ಡಿಗ್ರಿ ಶಾಖದ ಒಲೆಗೂಡಿನಲ್ಲಿ ಹುರಿದು, ಗಾಜಿನ ಜಾಡಿಯ ಮದ್ಯಕ್ಕೆ ಇಳಿಬಿಡುತ್ತಾರೆ. ಬಣ್ಣ ವಾರಗಳಲ್ಲಿ ಬರುವುದು. ಪಕ್ವತೆ ಹಾಗೆ ಬಾರದು, ಏಕೆಂದರೆ ಅದಕ್ಕೆ ಮರದ ಸಾರದೊಡನೆ ಗಾಳಿಯ ಮಂದವಾದ ಸಂಪರ್ಕವೂ ಬೇಕು. ಸರಕು ಸಾಗಿಸುವ ಪ್ಯಾಲೆಟ್ಟುಗಳ ಮರವನ್ನಂತೂ ಮುಟ್ಟಲೇಬಾರದು. ಅವುಗಳ ಮೇಲಿನ ಎಂ.ಬಿ. ಎಂಬ ಮುದ್ರೆಯ ಅರ್ಥ, ಕೀಟನಾಶಕ್ಕಾಗಿ ಮೀಥೈಲ್ ಬ್ರೋಮೈಡ್ ಅನಿಲವನ್ನು ಹಾಯಿಸಿದೆ ಎಂದು. ಬಣ್ಣ, ವಾರ್ನಿಷು, ಗೆದ್ದಲಿನ ಔಷಧ ತಾಗಿದ ಮರಕ್ಕೂ ಇದೇ ನಿಷೇಧ. ಮೆಥನಾಲ್ ಬೆರೆತ ಮದ್ಯವನ್ನು ಯಾವ ಮರವೂ ಶುದ್ಧಿಮಾಡಲಾರದೆಂಬುದನ್ನು ಒತ್ತಿ ಹೇಳಬೇಕು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡಜೀವಗಳನ್ನು ಬಲಿತೆಗೆದುಕೊಂಡುದು ಆ ವಿಷವೇ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಬಟ್ಟಿಯಿಳಿಸುವುದು ಅಪರಾಧ. ಮರದ ವಿಷಯಕ್ಕೆ ಬಂದರೂ ಪಶ್ಚಿಮಘಟ್ಟಗಳಲ್ಲಿ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗಾಗಿ ನೆಟ್ಟಿರುವ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದ ಅನ್ಯಕುಲದ ವೃಕ್ಷ, ಅದರ ಹೊಟ್ಟು ಕೆಲವರ ಚರ್ಮಕ್ಕೆ ತುರಿಕಜ್ಜಿಯನ್ನೇ ತರುವಂಥದು. ಆದರೂ ಓಕಿನ ಪೀಪಾಯಿ ನಮ್ಮ ನಾಡಿಗೆ ಅಪರಿಚಿತವಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಮಾಡಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನ ಹವೆಯಲ್ಲಿ ಅದು ಶೇಕಡಾ 10ನ್ನೂ ಮೀರುತ್ತದೆ. ಮರದ ಸಾರವೂ ಅದೇ ತ್ವರೆಯಿಂದ ಇಳಿಯುವುದರಿಂದ ಇಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ವಿಸ್ಕಿ ಹದಕ್ಕೆ ಬರುತ್ತದೆ. ಉಷ್ಣಪ್ರದೇಶದಲ್ಲಿ ಹೊಸ ಓಕಿನಲ್ಲಿ ಬಹುಕಾಲ ಇಟ್ಟ ಮದ್ಯದಲ್ಲಿ ಒಗರೇ ಮುಂದಾಗುವ ಭಯವಿರುವುದರಿಂದ, ಒಮ್ಮೆ ಬಳಸಿ ಸತ್ತ್ವವನ್ನು ಕೊಂಚ ಕಳೆದುಕೊಂಡ ಮರವೇ ಅಲ್ಲಿಗೆ ಹೆಚ್ಚು ಹಿತವೆಂದು ನಮ್ಮ ಅಭಿಪ್ರಾಯ.