ಒಲೆ ಬೇರೆಯಾಗುವ ಹೊತ್ತು

ಹೊಸ ಊರು ಕಟ್ಟುವುದಕ್ಕಾಗಿ ಹಳೆಯ ಊರು ಎಷ್ಟನ್ನು ಬಿಟ್ಟುಕೊಡಬೇಕು? ಈ ಪ್ರಶ್ನೆಯನ್ನು ನಾನು ಬಹುಕಾಲ ಯೋಚಿಸಿದ್ದು ‘ಸಿವಿಲೈಜೇಷನ್’ ಎಂಬ ಗಣಕಯಂತ್ರದ ಆಟದೆದುರು. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಅವರು ರೂಪಿಸಿದ ಈ ಆಟ 1991ರಲ್ಲಿ ಹೊರಬಂದಿತು. ನಾನಾಡುವುದು 2016ರ ಆರನೆಯ ಅವತರಣಿಕೆಯನ್ನು.

ಆರಂಭದಲ್ಲಿ ಆಟಗಾರನ ಕೈಗೆ ದೊರೆಯುವವರು ಒಬ್ಬ ವಲಸೆಗಾರ, ಒಬ್ಬ ಯೋಧ. ವಲಸೆಗಾರನು ಹೊಳೆಯ ದಂಡೆಯಲ್ಲಿ ನೆಲೆಯೂರಿದರೆ ನೀರಿನ ಬಲದಿಂದ 5 ಪೌರರಿಗೆ ವಸತಿ; ಕಡಲ ತಡಿಯಲ್ಲಿ 3; ನೀರಿಲ್ಲದೆಡೆ 2 ಮಾತ್ರ. ಪ್ರತಿಯೊಬ್ಬ ಪೌರನೂ ಸರದಿಗೆ 2 ಪಾಲು ಅನ್ನ ಉಣ್ಣುತ್ತಾನೆ. ಉಣ್ಣುಳಿದುದರಿಂದಲೇ ಊರು ಬೆಳೆಯಬೇಕು. ಇನ್ನೊಬ್ಬನಿಗಷ್ಟೇ ಎಡೆಯಿದೆ ಎನ್ನುವಾಗಲೇ ಆ ಬೆಳವಣಿಗೆ ಅರ್ಧಕ್ಕಿಳಿಯುತ್ತದೆ.

ಹೊಸ ವಲಸೆಗಾರನನ್ನು ಸಿದ್ಧಗೊಳಿಸಿದರೆ ತಾಯಿನಗರದಲ್ಲಿ ಒಬ್ಬ ಪೌರ ಕಡಿಮೆಯಾಗುತ್ತಾನೆ. ಅಲ್ಲದೆ, ಪ್ರತಿಯೊಬ್ಬ ವಲಸೆಗಾರನಿಗೂ ಹಿಂದಿನವನಿಗಿಂತ ಹೆಚ್ಚಿನ ದುಡಿಮೆ ತಗಲುತ್ತದೆ. ಹಾಗೆಂದು ತಡೆದು ಕುಳಿತರೆ, ನೆರೆಯ ಅರಸನು ಬಂದು ಮುಂದಿನ ಹೊಳೆದಂಡೆಯನ್ನು ಹಿಡಿದಿರುತ್ತಾನೆ. ಆದುದರಿಂದ ಬೆಳವಣಿಗೆ ಅರ್ಧಕ್ಕಿಳಿಯುವ ಆ ಹೊತ್ತನ್ನೇ ನಾನು ಆರಿಸಿಕೊಳ್ಳುತ್ತೇನೆ: ಒಬ್ಬನು ಹೊರಟನೆಂದರೆ ಇಕ್ಕಟ್ಟಾದ ಊರಿಗೂ ಉಸಿರಾಟ ಸಲೀಸು. ಆ ವೇಳೆಗೆ ವಸಾಹತು ನೀತಿ ಕೈಸೇರಿದ್ದರಂತೂ ಈ ಕಾರ್ಯದ ದುಡಿಮೆಗೆ ನೂರಕ್ಕೆ 50ರಷ್ಟು ಬಲ ಕೂಡುತ್ತದೆ.

ಒಲೆ ಬೇರೆಯಾಯಿತೆಂದು ನಮ್ಮ ಮನೆಗಳಲ್ಲಿ ಹಿರಿಯರು ಮರುಗುವುದುಂಟು. ಆದರೆ ತಕ್ಕ ಹೊತ್ತಿಗೆ ಬೇರೆಯಾದ ಒಲೆಯಿಂದ ಎರಡು ಮನೆಗಳಲ್ಲಿಯೂ ಅನ್ನ ಹೆಚ್ಚುವುದನ್ನು ನಾನು ಈ ಆಟದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.