ಕುರಕುಂಭಕ್ಕೆ ಬರುವ ಅತಿಥಿಗೆ ಊಟವೆಲ್ಲಿ?

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಸುಮಾರು 80 ಕಿಲೋಮೀಟರು ಸಾಗಿದರೆ ದೌಂಡ್ ತಾಲೂಕಿನ ಕುರಕುಂಭ ಸಿಗುವುದು. ರಾಸಾಯನಿಕ ಕಾರ್ಖಾನೆಗಳ ಊರು. ಆಹಾರಕ್ಕೂ ಔಷಧಕ್ಕೂ ಬೇಕಾಗುವ ಪದಾರ್ಥಗಳನ್ನು ರಫ್ತು ಮಾಡುವ ಕಾರ್ಖಾನೆಗಳು ಈಗ ದೇಶದಲ್ಲೆಲ್ಲ ಹಲಾಲ್, ಕೋಷರ್ ಪ್ರಮಾಣಪತ್ರಗಳನ್ನು ಪಡೆಯುತ್ತಿವೆ. ಹೀಗಾಗಿ ಇಂತಹ ಊರುಗಳಿಗೆ ವ್ಯಾಪಾರಿಗಳಷ್ಟೇ ಅಲ್ಲ, ಆ ಧರ್ಮಗಳ ಪರೀಕ್ಷಕರೂ ಬರುವುದುಂಟು. “ನಾಳೆ ಬರುವವರ ಊಟದ ವ್ಯವಸ್ಥೆ ನೋಡಿ” ಎಂದು ಸಾಹೇಬರು ಆಜ್ಞಾಪಿಸುವುದು ಗುಮಾಸ್ತನಿಗೆ. ಗುಮಾಸ್ತನು ವಿಚಾರಿಸುವುದು ಹೋಟೆಲಿನ ಗಲ್ಲೆಯಲ್ಲಿ. ಎರಡೂ ಕಡೆ ನಮ್ಮವರೇ ಇರುವ ಸಂಭವವಿರುವುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

“ನಮ್ಮದು ಶುದ್ಧ ಶಾಕಾಹಾರ, ಯಾರಾದರೂ ಉಣ್ಣಬಹುದು” ಎಂಬ ಉತ್ತರ ನಮ್ಮ ನಾಲಗೆಯ ತುದಿಯಲ್ಲಿಯೇ ಇದೆ. ಮುಸಲ್ಮಾನ ಅತಿಥಿಯ ಮಟ್ಟಿಗೆ ಇದು ಬಹುಪಾಲು ಸರಿಯೇ. ಅವರ ಕಟ್ಟುಪಾಡು ಮುಖ್ಯವಾಗಿ ಮಾಂಸಕ್ಕೆ, ರಕ್ತಕ್ಕೆ, ಮದ್ಯಕ್ಕೆ ಸಂಬಂಧಿಸಿದುದು. ಇಡ್ಲಿ ಸಾಂಬಾರಿಗೆ ಅಡ್ಡಿಯಿಲ್ಲ. ಆದರೆ ಒಂದೇ ಸೂರಿನಡಿ ಪರ್ಮಿಟ್ ರೂಮನ್ನೂ ನಡೆಸುವ ನಮ್ಮ ಬಾಂಧವರು ಅನೇಕರಿದ್ದಾರೆ. ಮದ್ಯ ಹಂಚುವ ಸಾಲಿನಲ್ಲಿ ನಿಷ್ಠಾವಂತ ಅತಿಥಿಯನ್ನು ಕೂರಿಸಲಾಗದು. ಇನ್ನು ಮಾಂಸದ ಊಟ ಬಡಿಸುವಲ್ಲಿ ಮಾಣಿಯನ್ನು “ಹಲಾಲ್ ಹೌದೇ?” ಎಂದು ಕೇಳಿದಾಗ, ಗಿರಾಕಿ ಎದ್ದು ಹೋಗಬಾರದೆಂದು “ಹೌದು, ಹೌದು” ಎಂದುಬಿಡುವ ಚಾಳಿ ನಮ್ಮ ವೃತ್ತಿಯಲ್ಲಿ ಇದೆ. ಖಾಟಿಕನನ್ನು ಕೇಳಿ ತಿಳಿದಿದ್ದರೆ ಹೌದೆನ್ನಬೇಕು. ಇಲ್ಲವಾದರೆ “ಗೊತ್ತಿಲ್ಲ” ಎನ್ನಬೇಕು. ಮಾಣಿ ಹಾಗೆಂದುದಕ್ಕೆ ಮಾಲಿಕನು ಗದರಿಸಕೂಡದು.

ಯೆಹೂದಿ ಅತಿಥಿಯ ಸಂಗತಿ ಬೇರೆ. ಅವರ ಕೋಷರ್ ನಿಯಮವು ಪದಾರ್ಥದೊಡನೆ ಪಾತ್ರೆಯನ್ನೂ ನೋಡುತ್ತದೆ. ಮಡಿ-ಮುಸುರೆ ಕಂಡು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾಂಸವನ್ನೂ ಹಾಲನ್ನೂ ಬೆರೆಸುವಂತಿಲ್ಲ. ಎರಡಕ್ಕೂ ಪಾತ್ರೆ ಬೇರೆ. ಮೀನಿಗೆ ರೆಕ್ಕೆ, ಪೊರೆ ಎರಡೂ ಇರಬೇಕು; ಸಿಗಡಿ, ಏಡಿ ವರ್ಜ್ಯ. ಶಾಕಾಹಾರವೆಂದ ಮಾತ್ರಕ್ಕೆ ಎಲ್ಲವೂ ಸಲ್ಲದು. ಸೊಪ್ಪು, ಹೂಕೋಸುಗಳಲ್ಲಿ ಹುಳವಿದ್ದರೆ ನಿಷಿದ್ಧ. ನಮ್ಮ ತಾಯಂದಿರು ಮೊರದಲ್ಲಿ ಅಕ್ಕಿ ಕೇರಿ ಆರಿಸುತ್ತಿದ್ದ ಶ್ರದ್ಧೆ ಅಲ್ಲಿ ಬೇಕು. ಅತಿ ನಿಷ್ಠರು ತಮ್ಮವರ ಕಣ್ಣೆದುರು ಕರೆಯದ ಹಾಲನ್ನೂ ಒಲ್ಲರು. ಆಗ ನಮ್ಮ ಹೆಮ್ಮೆಯ ಕಾಫಿಯೂ ನಿಂತಿತು. ಸಿಪ್ಪೆ ಸುಲಿಯದ ಬಾಳೆಹಣ್ಣು, ಎಳನೀರು, ಕೋಷರ್ ಮುದ್ರೆಯುಳ್ಳ ಮೊಹರಿನ ಪೊಟ್ಟಣ ಇವನ್ನಿಟ್ಟರೆ ಸಂಕೋಚವಿರದು.

ಈ ಜನ ನಮ್ಮ ಪ್ರಾಂತಕ್ಕೆ ಹೊಸಬರಲ್ಲ. ಕೊಂಕಣದ ಬೆನೆ ಇಸ್ರೇಲರು ಗಾಣದ ಕಸುಬು ಮಾಡಿ ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡವರು. ಮಾಂಸದ ಸಾರಿಗೆ ಮೊಸರು ಸಲ್ಲದೆಂದು ಅವರು ತೆಂಗಿನ ಹಾಲು ಹಾಕುವರು. ಕರಾವಳಿಯ ಭಟ್ಟರು ಇದನ್ನು ಕೇಳಿದರೆ ಸಂತೋಷಪಟ್ಟಾರು! ಪುಣೆಯ ಕ್ಯಾಂಪಿನಲ್ಲಿ ಜನರು ‘ಲಾಲ್ ದೇವಳ’ ಎನ್ನುವ ಕೆಂಪಿಟ್ಟಿಗೆಯ ಓಹೆಲ್ ಡೇವಿಡ್ ಪ್ರಾರ್ಥನಾ ಮಂದಿರವು ಡೇವಿಡ್ ಸಸೂನರ ದಾನದಿಂದ 1867ರಲ್ಲಿ ಪೂರ್ಣಗೊಂಡುದು. ಕುರಕುಂಭದ ಗುಮಾಸ್ತರು ಕೋಷರ್ ಊಟಕ್ಕಾಗಿ ವಿಚಾರಿಸಬೇಕಾದುದು ಪುಣೆಯಲ್ಲಿಯೇ: ಅಲ್ಲಿನ ಯೆಹೂದಿ ಸಮಾಜದವರಲ್ಲಿ, ಇಲ್ಲವೆ ಕೋರೆಗಾಂವ್ ಪಾರ್ಕಿನ ಛಬಾಡ್ ಭವನದಲ್ಲಿ. ಅದೂ ಮುಂಚಿತವಾಗಿ, ಬೆಳಿಗ್ಗೆ ಹೇಳಿ ಮಧ್ಯಾಹ್ನಕ್ಕೆ ತರಿಸುವೆನೆಂದರೆ ಆಗದು.

ಅದಕ್ಕೂ ಮೊದಲು ಅತಿಥಿಯನ್ನೇ ಬರೆದು ಕೇಳುವುದು ಲೇಸು. ಒಬ್ಬರು ಗಾಜಿನ ಲೋಟದಲ್ಲಿ ಕರಿಚಹಾ ಸ್ವೀಕರಿಸುವರು, ಇನ್ನೊಬ್ಬರು ತಮ್ಮ ಬುತ್ತಿಯನ್ನೇ ತರುವರು. ವಾರವನ್ನೂ ನೋಡಿಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನ ಮುಸಲ್ಮಾನ ಅತಿಥಿಗೆ ನಮಾಜಿನ ಬಿಡುವು ಬೇಕು. ಯೆಹೂದಿಗೆ ಅದೇ ದಿನ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ನಿಷ್ಠರು ವಾಹನವೇರರು. ಹಡಪ್ಸರದ ಗರ್ದಿಯನ್ನು ಬಲ್ಲವರು ಅಂದು ಊಟವಾದೊಡನೆಯೇ ಗಾಡಿ ಹೊರಡಿಸುವುದು ಒಳ್ಳೆಯದು.