ಹಿತ್ತಲಿಗೆ ಬರುವ ಸೂರಕ್ಕಿ

ಹೂವಿನೆದುರು ರೆಕ್ಕೆ ಬಡಿಯುತ್ತ ಮಕರಂದ ಹೀರುವ ಪುಟ್ಟ ಹಕ್ಕಿಯನ್ನು ಕೊಡಗಿನಲ್ಲೂ ಕೆಲವರು ಹಮ್ಮಿಂಗ್‌ಬರ್ಡ್ ಎನ್ನುವುದುಂಟು. ಅದು ಸೂರಕ್ಕಿ. ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಎರಡಕ್ಕೂ ಹತ್ತಿರದ ನಂಟಿಲ್ಲ. ಒಂದೇ ಬಗೆಯ ಊಟಕ್ಕೆ ಒಗ್ಗಿಕೊಂಡು ಎರಡೂ ಉದ್ದನೆಯ ಕೊಕ್ಕು ಪಡೆದಿವೆ. ಸೂರಕ್ಕಿ ಗಾಳಿಯಲ್ಲಿ ನಿಲ್ಲುವುದು ಕ್ಷಣಕಾಲವಷ್ಟೇ. ಸಾಮಾನ್ಯವಾಗಿ ಅದು ಕುಳಿತೇ ಹೀರುತ್ತದೆ. ಹೂವಿನ ಪಕ್ಕದಲ್ಲಿ ಕಾಲೂರಲು ರೆಂಬೆ ಬೇಕು.

ಕೊಡಗಿನ ತೋಟಗಳಲ್ಲಿ ಕಾಣುವ ಕೆಂಪುಬೆನ್ನಿನ ಸೂರಕ್ಕಿ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಹಕ್ಕಿ. ಉದ್ದ ಸುಮಾರು 8 ಸೆಂ.ಮೀ., ತೂಕ 4ರಿಂದ 6 ಗ್ರಾಂ. ಹಳದಿ ಹೊಟ್ಟೆಯ ಇನ್ನೊಂದು ಜಾತಿ ಮನೆಯಂಗಳದಲ್ಲೇ ಓಡಾಡಿಕೊಂಡಿರುತ್ತದೆ.

ಇವನ್ನು ಹಿತ್ತಲಿಗೆ ಕರೆಯುವ ಬಗೆ ಸರಳ: ಹೂ ಬೆಳೆಸುವುದು. ದಾಸವಾಳ, ಕೇಪಳ, ಆಡುಸೋಗೆ, ಬಾಳೆ ಇದ್ದರೆ ಸೂರಕ್ಕಿಗೆ ಬೇರೆ ಕರೆಯೋಲೆ ಬೇಡ. ದಾಸವಾಳದ ಮೇಲೆ ಅದರ ಚಾಲಾಕಿತನ ನೋಡುವಂಥದ್ದು: ಹೂವಿನ ಬಾಯಿಗೆ ಹೋಗದೆ ಬುಡದಲ್ಲಿ ಪಕ್ಕದಿಂದ ಕೊಕ್ಕು ಚುಚ್ಚಿ, ಪರಾಗ ಮುಟ್ಟದೆಯೇ ಸಿಹಿ ಎಳೆದುಕೊಳ್ಳುತ್ತದೆ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಕೊಡುವ ಹಾಲುವಾಣದ ಕೆಂಪು ಹೂ ಇನ್ನೂ ದೊಡ್ಡ ಔತಣ. ಅನೇಕ ತೋಟಗಳಲ್ಲಿ ಅದರ ಜಾಗಕ್ಕೆ ಸಿಲ್ವರ್ ಓಕ್ ಬಂದಿರುವುದರಿಂದ, ಹಿತ್ತಲಲ್ಲಿ ಒಂದೆರಡು ಹಾಲುವಾಣ ಉಳಿಸಿಕೊಂಡರೂ ಒಳ್ಳೆಯದೇ. ಲಂಟಾನಕ್ಕೂ ಸೂರಕ್ಕಿ ಬರುತ್ತದೆ. ಆದರೆ ನಾಗರಹೊಳೆಯ ಕಾಡನ್ನು ಕವಿದಿರುವ ಆ ಕಳೆಯನ್ನು ನೆಡಲೇಬಾರದು.

ಸಕ್ಕರೆ ನೀರಿನ ಬಾಟಲಿ ಇಲ್ಲಿ ಬೇಕಿಲ್ಲ. ಬಿಸಿಲಿಗೆ ಅದು ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಸಿಹಿಯಿಂದ ಹಾರುವ ಶಕ್ತಿ ಸಿಕ್ಕೀತು, ಮರಿಯ ಮೈ ಬೆಳೆಯದು. ಮರಿಗಳಿಗೆ ಪ್ರೋಟೀನು ಬೇಕು; ಅದಕ್ಕಾಗಿ ತಾಯಿ ಜೇಡ, ಸಣ್ಣ ಹುಳುಗಳನ್ನು ಹುಡುಕಿ ತರುತ್ತದೆ. ಕೀಟನಾಶಕ ಹೊಡೆದ ಹಿತ್ತಲಲ್ಲಿ ಹೂವೆಷ್ಟಿದ್ದರೂ ಮರಿಯ ಪಾಲಿಗೆ ಅದು ಬರಗಾಲ.

ಜೇಡ ಗೂಡಿಗೂ ಬೇಕು. ನಾರು, ತೊಗಟೆಯ ಚೂರು, ಒಣಗಿದ ಎಲೆಗಳನ್ನೆಲ್ಲ ಹೆಣ್ಣು ಸೂರಕ್ಕಿ ಜೇಡರಬಲೆಯಿಂದಲೇ ಬಿಗಿದು, ಜೋತಾಡುವ ಚೀಲದಂಥ ಗೂಡು ಕಟ್ಟುತ್ತದೆ. ಪಕ್ಕದಲ್ಲೊಂದು ಬಾಗಿಲು, ಅದರ ಮೇಲೆ ಮಳೆ ತಡೆಯುವ ಪುಟ್ಟ ಸೂರು. ದೂರದಿಂದ ನೋಡಿದರೆ ಕಸದ ಗಂಟು ಸಿಕ್ಕಿಕೊಂಡಂತೆ ಕಾಣುವುದರಿಂದ ಪೊರಕೆಗೆ ಸಿಕ್ಕಿ ಹಾಳಾಗುವ ಗೂಡುಗಳೂ ಉಂಟು. ಜಗಲಿಯ ತಂತಿಗೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಬಿದ್ದದ್ದನ್ನು ಕೀಳುವ ಮುನ್ನ ಒಮ್ಮೆ ನೋಡಬೇಕು. ಒಳಗೆ ಎರಡು ಮೊಟ್ಟೆಗಳಿರಬಹುದು. ಗೂಡಿದ್ದರೆ ಕೆಲವು ವಾರ ಬಟ್ಟೆಗೆ ಬೇರೆ ಹಗ್ಗ ಬಳಸಿದರಾಯಿತು. ಬೆಕ್ಕು ಏರುವಂಥ ಕುರ್ಚಿ, ಏಣಿಗಳನ್ನು ಅದರಡಿಯಿಂದ ಸರಿಸುವುದೂ ಅಗತ್ಯ.

ಗೂಡು ಕಟ್ಟುವ ಕಾಲದಲ್ಲಿ ಗಂಡಿಗೆ ಗಾಜಿನ ಕಾಟ. ಕಿಟಕಿಯಲ್ಲೋ ವಾಹನದ ಕನ್ನಡಿಯಲ್ಲೋ ತನ್ನದೇ ಬಿಂಬ ಕಂಡು, ಬೇರೊಂದು ಗಂಡು ಬಂದಿದೆಯೆಂದು ದಿನವಿಡೀ ಕುಕ್ಕಿ ದಣಿಯುತ್ತದೆ. ಕನ್ನಡಿಗೆ ಬಟ್ಟೆಯ ಚೀಲ ತೊಡಿಸಿ, ಕಿಟಕಿಗೆ ಹೊರಗಿನಿಂದ ಬಲೆಯನ್ನೋ ಹಳೆಯ ಸೀರೆಯನ್ನೋ ಕಟ್ಟಿದರೆ ಬಿಂಬ ಕಾಣುವುದಿಲ್ಲ, ಜಗಳ ನಿಲ್ಲುತ್ತದೆ.